ಅಸರ್ ಹೊತ್ತಿಗೆ ನಿಂತ ಗಾಳಿ

"ಮುಟ್ಬೇಡಿ ಅದನ್ನ!"

ಫರ್ನೇಸಿನ ಬಾಗಿಲ ಮೇಲೆ ಇನ್ನೇನು ಬೀಳಲಿದ್ದ ಕೈ ಅಲ್ಲೇ ನಿಂತಿತು.

ಆಮೇಲೆ ಮುಹ್ಸಿನಾಳಿಗೇ ನಾಚಿಕೆಯಾಯಿತು. ಸೌದಿಯ ಬುರೈದಾದ ವಿಶ್ವವಿದ್ಯಾಲಯದಲ್ಲಿ ನಿಂತು ಗುರುತಿಲ್ಲದ ಗಂಡಸೊಬ್ಬನಿಗೆ ಗದರುವುದು, ಅದೂ ಕನ್ನಡದಲ್ಲಿ! ಅವಳ ಮನೆಮಾತು ಬ್ಯಾರಿ, ಕೆಲಸದ ಮಾತು ಇಂಗ್ಲಿಷ್. ಆದರೆ ಲ್ಯಾಬಿನಲ್ಲಿ ಗದರುವುದನ್ನು ಅವಳು ಕಲಿತದ್ದು ಮಂಗಳೂರಿನ ಕಾಲೇಜಿನಲ್ಲಿ, ಕನ್ನಡದಲ್ಲಿ. ಸಿಟ್ಟು ಬಂದಾಗ ಅದೇ ಬಾಯಿಗೆ ಬಂತು.

ಆ ಗಂಡಸು ಕೈ ಹಿಂದೆ ತೆಗೆದುಕೊಂಡು ಮೆಲ್ಲಗೆ ತಿರುಗಿದ.

"ಮುಟ್ಲಿಲ್ಲ ಮಾರಾಯ್ರೆ. ಬಿಸಿ ಉಂಟಾ ಅಂತ ನೋಡಿದ್ದು."

ಮುಹ್ಸಿನಾ ಬೆಪ್ಪಾಗಿ ನಿಂತುಬಿಟ್ಟಳು. ಈ ಊರಿಗೆ ಬಂದ ಮೇಲೆ ಲ್ಯಾಬಿನೊಳಗೆ ಒಬ್ಬರ ಬಾಯಲ್ಲೂ 'ಮಾರಾಯ್ರೆ' ಕೇಳಿರಲಿಲ್ಲ.

ಹೆಸರು ಅರ್ಕಮ್. ಭಟ್ಕಳದವನು. ಮನೆಮಾತು ನವಾಯತಿ. ಅವಳ ಬ್ಯಾರಿ ಅವನಿಗೆ ಬಾರದು, ಅವನ ನವಾಯತಿ ಅವಳಿಗೆ ಬಾರದು. ಇಬ್ಬರ ನಡುವೆ ಉಳಿದದ್ದು ಕನ್ನಡ ಮಾತ್ರ.

ಅವನ ಹಿಂದೆ ನಿಂತಿದ್ದ ಡಾ. ಅಹ್ಮದ್, ಆ ಲ್ಯಾಬಿನ ಮುಖ್ಯಸ್ಥರು, ಒಂದು ಪದವೂ ಅರ್ಥವಾಗದೆ ನಗುತ್ತಿದ್ದರು. ತಾಯಿಫ್‌ನಿಂದ ಬಂದ ಹೊಸ ಸಂಶೋಧಕ ಇವರು, ಗಂಡಸರ ಕಡೆಯ ಲ್ಯಾಬಿನ ಉಸ್ತುವಾರಿಯೂ ಇವರದ್ದೇ ಎಂದು ಪರಿಚಯಿಸಿದರು. ಆಮೇಲೆ ಸಹಜವಾಗಿ ಒಂದು ಮಾತು ಸೇರಿಸಿದರು: ಮುಹ್ಸಿನಾ ಮಾಡಿದ ಪುಡಿಯನ್ನು ಇವರು ತಮ್ಮ ಕೈಯಿಂದ ಮತ್ತೊಮ್ಮೆ ಮಾಡಿ ನೋಡುತ್ತಾರೆ.

ಅಂದರೆ ನನ್ನನ್ನು ಪರೀಕ್ಷೆ ಮಾಡಲು ಬಂದವನು ಎಂದುಕೊಂಡಳು ಮುಹ್ಸಿನಾ.

ಆ ಪುಡಿಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಜಗಳ ನಿಮಗೆ ಅರ್ಥವಾಗುವುದಿಲ್ಲ.

ಬ್ಯಾಟರಿ ಚಾರ್ಜ್ ಆಗುವಾಗ ಅದರೊಳಗಿನ ಪುಡಿಗೆ ಲಿಥಿಯಂ ನುಗ್ಗುತ್ತದೆ, ಪುಡಿ ಉಬ್ಬುತ್ತದೆ. ಚಾರ್ಜ್ ಇಳಿದಾಗ ಕುಗ್ಗುತ್ತದೆ. ಗಟ್ಟಿ ಕಣವಾದರೆ ಹೀಗೆ ಉಬ್ಬಿ ಕುಗ್ಗಿ ಬೇಗ ಒಡೆದುಹೋಗುತ್ತದೆ. ಅದೇ ಕಣ ಒಳಗೆ ಟೊಳ್ಳಾಗಿದ್ದರೆ? ಉಬ್ಬಲು ಒಳಗೇ ಜಾಗವಿರುತ್ತದೆ, ಒಡೆಯುವುದಿಲ್ಲ. ಬ್ಯಾಟರಿ ಬಾಳಿಕೆ ಬರುತ್ತದೆ.

ಮುಹ್ಸಿನಾ ಮಾಡುತ್ತಿದ್ದದ್ದು ಅಂಥ ಟೊಳ್ಳು ಗುಂಡುಗಳನ್ನು. ಕೋಬಾಲ್ಟ್ ಆಕ್ಸೈಡಿನವು, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಬುರೈದಾದಲ್ಲಿ ಖರ್ಜೂರಕ್ಕೇನು ಬರ? ಖರ್ಜೂರದ ಪಾಕಕ್ಕೆ ನೀರು ಬೆರೆಸಿ, ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಕಾಯಿಸಿದರೆ ಇದ್ದಿಲಿನ ಪುಟಾಣಿ ಗುಂಡುಗಳಾಗುತ್ತವೆ. ಅವನ್ನು ಕೋಬಾಲ್ಟ್ ಉಪ್ಪಿನ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಫರ್ನೇಸಿನಲ್ಲಿ ಗಾಳಿ ಹಾಯಿಸುತ್ತಾ ನಿಮಿಷಕ್ಕೊಂದು ಡಿಗ್ರಿಯಂತೆ ಬಿಸಿ ಏರಿಸಬೇಕು. ಒಳಗಿನ ಇದ್ದಿಲು ಮೆಲ್ಲಗೆ ಸುಟ್ಟು ಹೋಗುತ್ತದೆ, ಹೊರಗಿನ ಆಕ್ಸೈಡ್ ಚಿಪ್ಪು ಉಳಿಯುತ್ತದೆ. ಇದ್ದಿಲು ಒಮ್ಮೆಲೇ ಉರಿದರೆ ಮುಗಿಯಿತು, ಚಿಪ್ಪೆಲ್ಲ ಕುಸಿದು ಕರಿ ಮುದ್ದೆಯಾಗುತ್ತದೆ.

ಆ ಚಿಪ್ಪು ಉಳಿಸಿಕೊಳ್ಳಲು ಮುಹ್ಸಿನಾ ವರ್ಷಗಟ್ಟಲೆ ಒದ್ದಾಡಿದ್ದಳು. ಕೊನೆಗೆ ಆಗಿತ್ತು. ಒಮ್ಮೆಯಲ್ಲ, ಮತ್ತೆ ಮತ್ತೆ ಆಗಿತ್ತು. ಆದರೆ ಈ ವಿದ್ಯೆಗೆ ಒಂದು ಕಟ್ಟುಪಾಡು ಇದೆ. ಒಬ್ಬರ ಕೈಯಲ್ಲಿ ಆದದ್ದು ಇನ್ನೊಬ್ಬರ ಕೈಯಲ್ಲೂ ಆಗಬೇಕು. ಆಗದಿದ್ದರೆ ಮೊದಲಿನದ್ದೂ ಸುಳ್ಳೆಂದೇ ಲೆಕ್ಕ.

ಅರ್ಕಮ್ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

ಅವನು ಕೆಟ್ಟವನಾಗಿರಲಿಲ್ಲ. ಹೆಂಗಸರ ಲ್ಯಾಬ್ ಒಂದು ಕಡೆ, ಗಂಡಸರದ್ದು ಇನ್ನೊಂದು ಕಡೆ, ನಡುವೆ ಗ್ಯಾಸ್ ಸಿಲಿಂಡರುಗಳ ಕೋಣೆ ಮತ್ತು ಇಬ್ಬರಿಗೂ ಸೇರಿದ ಮೈಕ್ರೋಸ್ಕೋಪ್ ಕೋಣೆ. ಆ ಮೈಕ್ರೋಸ್ಕೋಪ್ ಕೋಣೆಯಲ್ಲಿ ಅವರು ಭೇಟಿಯಾಗುತ್ತಿದ್ದರು. ಮುಹ್ಸಿನಾಳ ಜೊತೆ ದುಆ ಎಂಬ ಸೌದಿ ವಿದ್ಯಾರ್ಥಿನಿ ಯಾವಾಗಲೂ ಇರುತ್ತಿದ್ದಳು. ಇವರ ಕನ್ನಡ ಕೇಳಿ ದುಆಗೆ ನಗು, ಇಬ್ಬರೂ ಜಗಳವಾಡುತ್ತಿದ್ದಾರೋ ಮಾತಾಡುತ್ತಿದ್ದಾರೋ ಅವಳಿಗೆ ತಿಳಿಯುತ್ತಿರಲಿಲ್ಲ.

ಖರ್ಜೂರದ ಪಾಕ ಹಾಕುವ ಯೋಚನೆ ಹೇಗೆ ಬಂತು ಎಂದು ಅವನು ಒಮ್ಮೆ ಕೇಳಿದ. ಯೋಚನೆ ಎಂಥದ್ದೂ ಇಲ್ಲ, ಆರ್ಡರ್ ಮಾಡಿದ ಗ್ಲೂಕೋಸ್ ಬರಲಿಲ್ಲ, ಅಣ್ಣನ ಮನೆಯಲ್ಲಿ ಪಾಕದ ಬಾಟಲಿ ಇತ್ತು, ಸಿಟ್ಟಿನಲ್ಲಿ ಅದನ್ನೇ ಸುರಿದೆ ಎಂದಳು. ಅವನು ಬಿದ್ದು ಬಿದ್ದು ನಕ್ಕ. ಮರುದಿನ ಪೇಟೆಯ ಸೂಕಿನಿಂದ ಸುಕ್ಕರಿ ಖರ್ಜೂರದ ಪಾಕದ ಬಾಟಲಿ ತಂದು ಅವಳ ಮೇಜಿನ ಮೇಲಿಟ್ಟು ಹೋಗಿದ್ದ.

ಅವನ ಜೊತೆ ಮಾತಾಡಿದ ದಿನ ಮುಹ್ಸಿನಾಳಿಗೆ ಊರಿಗೆ ಫೋನ್ ಮಾಡಿದಷ್ಟು ಹಗುರಾಗುತ್ತಿತ್ತು.

ತುಂಬ ಜಾಗ್ರತೆಯ ಮನುಷ್ಯ. ಹೊರಡುವಾಗ ಎಲ್ಲವನ್ನೂ ಆರಿಸಿ, ಮುಚ್ಚಿ, ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹಿಂದೆ ತಿರುಗಿ ನೋಡುವ ಜಾತಿ. ಅದನ್ನು ನೋಡಿ ಅವಳು ಒಳಗೊಳಗೇ ಮೆಚ್ಚಿದ್ದಳು. ಇಂಥವನ ಕೈಯಲ್ಲಿ ನನ್ನ ಪುಡಿ ಸುರಕ್ಷಿತ ಎಂದುಕೊಂಡಿದ್ದಳು ಪಾಪ.

ಅರ್ಕಮ್‌ನ ಮೊದಲ ಪುಡಿ ಕುಸಿದಿತ್ತು. ಹೊಸಬ, ಕೈ ಪಳಗಿಲ್ಲ ಎಂದು ಇಬ್ಬರೂ ನಕ್ಕರು.

ಎರಡನೆಯದೂ ಕುಸಿಯಿತು. ಆಮೇಲಿನದ್ದೂ.

ನಾನೇ ಮಾಡಿ ತೋರಿಸುತ್ತೇನೆ ಎಂದು ಮುಹ್ಸಿನಾ ತನ್ನ ಫರ್ನೇಸಿನಲ್ಲಿ ಇಟ್ಟಳು. ಅದೇ ಪಾಕ, ಅದೇ ಉಪ್ಪು, ಅದೇ ಬಿಸಿ. ಮೈಕ್ರೋಸ್ಕೋಪಿನ ಪರದೆಯ ಮೇಲೆ ಕಂಡದ್ದು ಒಡೆದ ಚಿಪ್ಪುಗಳ ರಾಶಿ. ಈ ಕೆಲಸ ತನಗೆ ಬರುತ್ತದೆ ಎಂಬ ಒಂದೇ ಧೈರ್ಯದ ಮೇಲೆ ಅವಳು ಈ ದೇಶದಲ್ಲಿ ನಿಂತಿದ್ದಳು.

ಮತ್ತೆ ಮಾಡಿದಳು. ಮತ್ತೆ ಹಾಗೆಯೇ.

ಹಾಗಾದರೆ ಮೊದಲು ಆದದ್ದು ಹೇಗೆ? ಡಾ. ಅಹ್ಮದ್ ಬಾಯಿಬಿಟ್ಟು ಕೇಳಲಿಲ್ಲ. ಹಳೆಯ ಚಿತ್ರಗಳ ಮೂಲ ಕಡತಗಳನ್ನು ಕಳಿಸಿಕೊಡು ಎಂದರು ಅಷ್ಟೇ. ಕೇಳಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಅದೇ ವಾರದಿಂದ ಅರ್ಕಮ್ ಮಾತು ಬಿಟ್ಟ.

ಮೈಕ್ರೋಸ್ಕೋಪ್ ಕೋಣೆಗೆ ಅವಳು ಬಂದರೆ ಅವನು ಎದ್ದು ಹೋಗುತ್ತಿದ್ದ. ಸಲಾಂ ಹೇಳಿದರೆ ಉತ್ತರ ಬರುತ್ತಿತ್ತು, ಕಣ್ಣು ಮಾತ್ರ ನೆಲದ ಮೇಲೆ. ಏನಾಯಿತು ಎಂದು ದುಆ ಕೇಳಿದಾಗ ಏನೂ ಇಲ್ಲ ಎಂದಳು ಮುಹ್ಸಿನಾ. ಮನಸ್ಸಿನೊಳಗೆ ಮಾತ್ರ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಅವನೂ ನನ್ನನ್ನು ಸುಳ್ಳಿ ಅಂದುಕೊಂಡನಾ...?

ಕೊನೆಗೊಂದು ಭಾನುವಾರ ವಿಶ್ವವಿದ್ಯಾಲಯದ ತನಿಖಾ ಕಮಿಟಿಯ ಮೇಲ್ ಬಂತು. ಅರ್ಕಮ್ ಕೊಟ್ಟ ರಿಪೋರ್ಟಿನ ಮೇಲೆ ವಿಚಾರಣೆ, ಮುಂದಿನ ಭಾನುವಾರ. ರಿಪೋರ್ಟಿನ ಸಾರ ಒಂದೇ ಸಾಲು: ಈ ಫಲಿತಾಂಶವನ್ನು ಮತ್ತೆ ಮಾಡಲು ಸಾಧ್ಯವಾಗಲಿಲ್ಲ.

ಅವಳು ಅದನ್ನು ನಿಂತುಕೊಂಡೇ ಓದಿದಳು. ಆಮೇಲೆ ಲ್ಯಾಬಿನ ಹೊರಗಿನ ಓಣಿಗೆ ಹೋಗಿ, ಎದುರಿಗೆ ಬಂದ ಅರ್ಕಮ್‌ನ ದಾರಿಗೆ ಅಡ್ಡ ನಿಂತಳು.

"ನನ್ನ ಮುಖ ನೋಡಿ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಮೇಲಲ್ಲೇ ಗೊತ್ತಾಗ್ಬೇಕಿತ್ತಾ?"

ಅವನ ಮುಖ ಬಿಳಿಚಿತು.

"ಆಗ್ಲಿಲ್ಲ ಅಂತ ಬರ್ದದ್ದು. ಸುಳ್ಳು ಅಂತ ಬರೀಲಿಲ್ಲ."

"ಓದುವವರಿಗೆ ಎರಡೂ ಒಂದೇ. ನಿಮಗೂ ಗೊತ್ತುಂಟು ಅದು."

ಅವನು ಪಕ್ಕಕ್ಕೆ ಸರಿದು ಹೊರಟುಹೋದ. ಹಿಂದೆ ತಿರುಗಿಯೂ ನೋಡಲಿಲ್ಲ. ಆ ಬೆನ್ನನ್ನು ನೋಡುತ್ತಾ ನಿಂತಾಗಲೇ ಅವಳಿಗೆ ಗೊತ್ತಾದದ್ದು, ಈ ಮನುಷ್ಯನನ್ನು ತಾನು ಪ್ರೀತಿಸುತ್ತಿದ್ದೇನೆಂದು. ಗೊತ್ತಾಗುವ ಹೊತ್ತಾ ಅದು!

ಮನೆಯಲ್ಲಿ ಅಣ್ಣ ನಿಸಾರ್ ಎಲ್ಲ ಕೇಳಿಸಿಕೊಂಡ. ಖರ್ಜೂರ ಪ್ಯಾಕಿಂಗ್ ಕಂಪೆನಿಯಲ್ಲಿ ಸೂಪರ್‌ವೈಸರ್ ಅವನು, ತಂಗಿಯ ಪುಡಿಯ ವಿಷಯ ಅವನಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಪೂರ್ತಿ ತಿಳಿದದ್ದು ಒಂದೇ, ತಂಗಿಯ ಹೆಸರು ಕೆಡಲಿದೆ ಎಂಬುದು. ಅವರು ತೆಗೆದುಹಾಕುವ ಮೊದಲು ನೀನೇ ಬಿಟ್ಟು ಊರಿಗೆ ಹೋಗು, ಉಪ್ಪಿನಂಗಡಿಯಲ್ಲಿ ಉಮ್ಮ ಒಂದು ಸಂಬಂಧ ನೋಡಿಟ್ಟಿದ್ದಾರೆ ಎಂದ.

ಇಲ್ಲಿ ಇರಲು ಕೊಟ್ಟ ಇಕಾಮಾ ಹೋದರೆ ಹೋಗಲಿ ಅಣ್ಣ, ಆದರೆ ಸುಳ್ಳಿ ಅನ್ನಿಸಿಕೊಂಡು ವಿಮಾನ ಹತ್ತುವುದಿಲ್ಲ ಎಂದಳು ಮುಹ್ಸಿನಾ. ಆಮೇಲೆ ಒಳಗೆ ಹೋಗಿ ಅತ್ತಿಗೆಯ ಭುಜಕ್ಕೆ ಒರಗಿ ಅತ್ತಳು.

ಡಾ. ಅಹ್ಮದ್ ಒಂದು ಕೊನೆಯ ಅವಕಾಶ ಕೊಟ್ಟರು. ಬುಧವಾರ ಒಮ್ಮೆ ಫರ್ನೇಸ್ ಹಚ್ಚಬಹುದು, ಅಷ್ಟೇ.

ಬುಧವಾರ ಬೆಳಗ್ಗೆ ಅವಳು ಪುಡಿಯನ್ನು ಒಳಗಿಟ್ಟಳು. ಗಾಳಿಯ ಕೊಳವೆ ಸಿಕ್ಕಿಸಿದಳು. ಫರ್ನೇಸಿನ ಪಕ್ಕದಲ್ಲಿ ಒಂದು ಗಾಜಿನ ನಳಿಗೆ ಇತ್ತು, ಅದರೊಳಗೆ ಒಂದು ಪುಟ್ಟ ಗುಂಡು. ಗಾಳಿ ಹಾಯುತ್ತಿದ್ದರೆ ಗುಂಡು ಮೇಲೆ ತೇಲುತ್ತದೆ. ಅದು ತೇಲುವುದನ್ನು ನೋಡಿ ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತಿದಳು.

ಮಧ್ಯಾಹ್ನ ಕಳೆಯಿತು. ಬಿಸಿ ಏರುತ್ತಾ ಬಂತು, ಇದ್ದಿಲು ಸುಡುವ ಹೊತ್ತು ಹತ್ತಿರವಾಯಿತು. ಅಷ್ಟರಲ್ಲಿ ಇಳಿಹೊತ್ತಿನ ನಮಾಝಾದ ಅಸರ್‌ನ ಬಾಂಗ್ ಕೇಳಿಸಿತು.

ಅಸರ್ ಹೊತ್ತಿಗೆ ಇಡೀ ಕಟ್ಟಡ ಖಾಲಿಯಾಗುವುದು ವಾಡಿಕೆ. ಗಂಡಸರು ಮಸೀದಿಗೆ, ಹೆಂಗಸರು ಮೇಲಿನ ಮಹಡಿಯ ನಮಾಝ್ ಕೋಣೆಗೆ. ಆ ದಿನ ಮುಹ್ಸಿನಾಳಿಗೆ ನಮಾಝ್ ಇರಲಿಲ್ಲ, ತಿಂಗಳಿನ ರಜೆಯ ದಿನಗಳು. ಹಿಂದೆಲ್ಲ ಅಂಥ ದಿನಗಳಲ್ಲೂ ಅವಳು ದುಆಳ ಜೊತೆ ಮೇಲೆ ಹೋಗಿ ಚಹಾ ಕುಡಿಯುತ್ತಾ ಕೂರುತ್ತಿದ್ದಳು. ಇವತ್ತು ಆ ಹೆಂಗಸರ ನಡುವೆ ಕೂರುವ ಮುಖವೇ ಅವಳಿಗಿರಲಿಲ್ಲ. ತಲೆನೋವು ಎಂದು ಹೇಳಿ ಸ್ಟೂಲಿನ ಮೇಲೆ ಕುಳಿತೇ ಉಳಿದಳು.

ಓಣಿಯಲ್ಲಿ ಹೆಜ್ಜೆಗಳು ಕಡಿಮೆಯಾದವು. ಎಲ್ಲೋ ಬಾಗಿಲು ಮುಚ್ಚಿದ ಸದ್ದು.

ನಳಿಗೆಯೊಳಗಿನ ಗುಂಡು ಒಮ್ಮೆ ನಡುಗಿತು. ಆಮೇಲೆ ಮೆಲ್ಲಗೆ ಇಳಿದು ತಳದಲ್ಲಿ ಕುಳಿತಿತು.

ಮುಹ್ಸಿನಾ ಕಣ್ಣು ಉಜ್ಜಿಕೊಂಡಳು. ಗುಂಡು ಏಳಲಿಲ್ಲ. ಗಾಳಿ ನಿಂತಿದೆ... ಬಿಸಿ ಏರುತ್ತಲೇ ಇದೆ... ಗಾಳಿ ಇಲ್ಲದೆ ಇದ್ದಿಲು ಸುಡುವುದಿಲ್ಲ, ಹಾಗೇ ಉಳಿಯುತ್ತದೆ. ಆಮೇಲೆ ಯಾವಾಗಲೋ ಗಾಳಿ ವಾಪಸ್ ಬಂದರೆ ಆ ಬಿಸಿಗೆ ಒಮ್ಮೆಲೇ ಭಗ್ಗೆಂದು ಉರಿಯುತ್ತದೆ. ಚಿಪ್ಪು ಕುಸಿಯುತ್ತದೆ!

ಯಾ ಅಲ್ಲಾಹ್. ಇಷ್ಟು ದಿನವೂ ಇದೇ ಆಗುತ್ತಿತ್ತಾ? ನೋಡಲು ಯಾರೂ ಇಲ್ಲದ ಹೊತ್ತಿನಲ್ಲಿ?

ಅವಳು ಗ್ಯಾಸ್ ಕೋಣೆಗೆ ಓಡಿದಳು. ಗೋಡೆಯ ಮೇಲೆ, ಎಲ್ಲ ಗ್ಯಾಸನ್ನೂ ಒಮ್ಮೆಲೇ ನಿಲ್ಲಿಸುವ ದೊಡ್ಡ ಕೆಂಪು ಲಿವರ್ ಕೆಳಕ್ಕೆ ಇಳಿದಿತ್ತು. ಯಾರೂ ಇರಲಿಲ್ಲ. ಅದನ್ನು ಹಾಗೇ ಬಿಟ್ಟು ಬಾಗಿಲ ಮರೆಯಲ್ಲಿ ನಿಂತರೆ ಕಳ್ಳ ಸಿಗುತ್ತಾನೆ, ಆದರೆ ಒಳಗಿನ ಪುಡಿ ಸಾಯುತ್ತದೆ. ಅವಳ ಕೈ ಕೇಳಲಿಲ್ಲ, ಲಿವರನ್ನು ಮೇಲೆತ್ತಿಬಿಟ್ಟಿತು. ಕೊಳವೆಯಲ್ಲಿ ಗಾಳಿ ಸುಯ್ಯೆಂದಿತು. ಅವಳು ಅಲ್ಲೇ ಗೋಡೆಗೆ ಒರಗಿ ಕಾಯುತ್ತಾ ನಿಂತಳು.

ನಮಾಝ್ ಮುಗಿಯಿತು. ಹೆಜ್ಜೆಗಳು ಹತ್ತಿರ ಬಂದವು. ಬಾಗಿಲು ತೆರೆದವನು ಅರ್ಕಮ್. ಕೈ ಲಿವರಿನ ಕಡೆಗೇ ಚಾಚಿತ್ತು, ಅದು ಮೇಲಿರುವುದನ್ನು ಕಂಡು ಅವನ ಹುಬ್ಬು ಗಂಟಿಕ್ಕಿತು.

"ಯಾರು ಇದನ್ನ ತೆರೆದದ್ದು?"

"ಯಾರು ಮುಚ್ಚಿದ್ದು?"

"ನಾನು."

ಒಂಚೂರೂ ಅಳುಕಿಲ್ಲದೆ ಹೇಳಿದ. ಮುಹ್ಸಿನಾಳ ಕಣ್ಣು ಕತ್ತಲಿಟ್ಟಿತು.

"ದಿನಾ ನೀವೇ ಮುಚ್ಚುದಾ?"

ದಿನಾ, ಎಂದ ಅವನು. ತಾಯಿಫ್‌ನ ತನ್ನ ಹಳೆಯ ಲ್ಯಾಬಿನಲ್ಲಿ ಎಲ್ಲರೂ ನಮಾಝಿಗೆ ಹೋಗಿದ್ದಾಗ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತ್ತು, ಜೊತೆಗಾರನೊಬ್ಬನ ಎರಡೂ ಕೈ ಸುಟ್ಟಿದ್ದವು. ಆವತ್ತಿನಿಂದ ಎಲ್ಲೇ ಹೋದರೂ ತನ್ನದೊಂದು ನಿಯಮ: ನಮಾಝಿಗೆ ಕೊನೆಯಲ್ಲಿ ಹೊರಡುವವನು ಗ್ಯಾಸ್ ಮುಚ್ಚಿಯೇ ಹೊರಡಬೇಕು. ಇಲ್ಲಿಗೆ ಬಂದ ಮೊದಲ ದಿನದಿಂದ ಅದನ್ನು ತಾನೇ ಮಾಡಿಕೊಂಡು ಬಂದಿದ್ದೇನೆ, ಅದರಲ್ಲೇನು ತಪ್ಪು ಎಂದು ಕೇಳಿದ.

ಮುಹ್ಸಿನಾ ಬಾಗಿಲಿನತ್ತ ಹೊರಟಳು. ಬನ್ನಿ ಎಂದು ಅವನನ್ನು ತನ್ನ ಫರ್ನೇಸಿನ ಮುಂದೆ ನಿಲ್ಲಿಸಿ, ಈ ಗುಂಡಿನ ಮೇಲೆ ಕಣ್ಣಿಡಿ ಎಂದಳು. ತಾನು ಗ್ಯಾಸ್ ಕೋಣೆಗೆ ಹೋಗಿ ಲಿವರನ್ನು ಒಂದು ಕ್ಷಣ ಕೆಳಗೆಳೆದು ಮತ್ತೆ ಮೇಲೆತ್ತಿದಳು.

ಅವಳು ವಾಪಸ್ ಬಂದಾಗ ಅರ್ಕಮ್ ಸ್ಟೂಲಿನ ಮೇಲೆ ಕುಳಿತಿದ್ದ.

"ಗಾಳಿ ಕಂಪ್ರೆಸರಿಂದ ಬರುದು ಅಂತ..." ಅವನು ಗುಂಡಿನಿಂದ ಕಣ್ಣು ತೆಗೆಯಲಿಲ್ಲ. "ತಾಯಿಫ್‌ನಲ್ಲಿ ಗಾಳಿಗೆ ಬೇರೆಯೇ ಲೈನ್ ಇತ್ತು. ಇಲ್ಲಿಯೂ ಹಾಗೇ ಅಂತ ನಾನು... ಕೇಳ್ಲೇ ಇಲ್ಲ."

ಅವನ ಫರ್ನೇಸಿಗೂ ಅವಳ ಫರ್ನೇಸಿಗೂ ಗಾಳಿ ಅದೇ ಲಿವರಿನಿಂದ ಬರುತ್ತಿತ್ತು. ಅವನು ಬರುವ ಮೊದಲು ನಮಾಝಿಗೆ ಹೋಗುವಾಗ ಅದನ್ನು ಯಾರೂ ಮುಟ್ಟಿರಲಿಲ್ಲ. ಅವನು ಬಂದ ಮೇಲೆ ದಿನವೂ ಮುಚ್ಚಿತ್ತು. ಅವಳ ಪುಡಿ ಕೆಟ್ಟದ್ದು ಅವನ ಜಾಗ್ರತೆಯಿಂದ.

ಮುಹ್ಸಿನಾ ಕಿರುಚಬೇಕೆಂದುಕೊಂಡಿದ್ದಳು. ಇಷ್ಟು ದಿನದ ಅವಮಾನವನ್ನೆಲ್ಲ ಅವನ ಮುಖಕ್ಕೆ ಎಸೆಯಬೇಕೆಂದುಕೊಂಡಿದ್ದಳು. ತಲೆ ತಗ್ಗಿಸಿ ಕುಳಿತವನನ್ನು ನೋಡಿದರೆ ಬಾಯಿ ಬರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಈಗಲೇ ಡಾ. ಅಹ್ಮದ್ ಹತ್ತಿರ ಹೋಗಿ ಹೇಳುತ್ತೇನೆ ಎಂದು ಅವನು ಎದ್ದ. ಅವಳು ತಡೆದಳು.

"ಹೇಳಿದ್ರೆ ಸಾಲ್ದು. ನನ್ನನ್ನು ಉಳಿಸ್ಲಿಕ್ಕೆ ಕಥೆ ಕಟ್ಟಿದ್ದು ಅಂತಾರೆ. ಇವತ್ತಿನ ಪುಡಿ ಒಳ್ಳೆದಾದ್ರೂ ಅದು ನನ್ನ ಕೈಯದ್ದು, ಅದನ್ನ ಯಾರೂ ನಂಬುದಿಲ್ಲ. ನಿಮ್ಮ ಪುಡಿ ನೆನೆಹಾಕಿದ್ದು ಉಂಟಲ್ವಾ? ನಿಮ್ಮ ಕೈಯಿಂದ ಮಾಡಿ. ಗಾಳಿ ನಿಲ್ಲದ ಹಾಗೆ ಮಾಡಿ ತೋರಿಸಿ."

ಅವನು ತಲೆಯಾಡಿಸಿದ.

"ಮಾಡಿದ್ರೆ ನಿಮ್ಮ ಕೆಲಸಕ್ಕೂ ಕುತ್ತು ಬರ್ತದೆ," ಎಂದಳು ಅವಳು, ಬೇರೆ ಕಡೆ ನೋಡುತ್ತಾ. "ಅದೂ ಗೊತ್ತಿರ್ಲಿ."

"ಗೊತ್ತುಂಟು."

ಗುರುವಾರ ಅವನ ಸುದ್ದಿ ಇರಲಿಲ್ಲ. ಶುಕ್ರವಾರ, ಶನಿವಾರ ರಜೆ. ಮುಹ್ಸಿನಾ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದಳು. ಅನ್ನ ಸೇರಲಿಲ್ಲ. ಶನಿವಾರ ಸಂಜೆ ದುಆ ಫೋನ್ ಮಾಡಿ ಒಂದು ಗಾಳಿಸುದ್ದಿ ಹೇಳಿದಳು. ಅರ್ಕಮ್ ದೂರದ ಅಭಾ ಊರಿನ ಯಾವುದೋ ಕಾಲೇಜಿಗೆ ಅರ್ಜಿ ಹಾಕಿದ್ದಾನಂತೆ, ಗುರುವಾರವೇ ಕಳಿಸಿದ್ದಾನಂತೆ.

ಗುರುವಾರವೇ! ಓಡಿಹೋಗಲು ದಾರಿ ನೋಡಿಕೊಳ್ಳುತ್ತಿದ್ದಾನೆ. ಅವಳ ಎದೆಯಲ್ಲಿ ಉಳಿದಿದ್ದ ಒಂದಿಷ್ಟು ನಂಬಿಕೆಯೂ ಅಲ್ಲಿಗೆ ಅಲುಗಾಡಿತು. ಲಿವರಿನ ವಿಷಯ ನಾನೊಬ್ಬಳೇ ಹೇಳಿದರೆ ನಂಬುವವರು ಯಾರು? ಅವನು ಇಲ್ಲ ಎಂದುಬಿಟ್ಟರೆ?

ಭಾನುವಾರ ನಿಸಾರ್ ಅವಳನ್ನು ಕಾರಿನಲ್ಲಿ ಬಿಟ್ಟ. ಇಲ್ಲೇ ಪಾರ್ಕಿಂಗಲ್ಲಿ ಇರುತ್ತೇನೆ ಎಂದ.

ಮೀಟಿಂಗ್ ಕೋಣೆಯಲ್ಲಿ ಡಾ. ಅಹ್ಮದ್, ಅವರ ಪಕ್ಕದಲ್ಲಿ ಕಮಿಟಿಯವರು. ಅರ್ಕಮ್‌ನ ಕುರ್ಚಿ ಖಾಲಿ ಇತ್ತು. ಸ್ವಲ್ಪ ಕಾದರು. ಫೋನ್ ಮಾಡಿದರು, ಎತ್ತಲಿಲ್ಲ. ಇನ್ನು ಶುರುಮಾಡೋಣ ಎಂದು ಡಾ. ಅಹ್ಮದ್ ಅವಳ ಕಡೆ ನೋಡಿದರು. ನಿನ್ನ ಮೊದಲಿನ ಫಲಿತಾಂಶ ಹೇಗೆ ಬಂತೆಂದು ವಿವರಿಸು ಎಂದರು.

ಮುಹ್ಸಿನಾ ಎದ್ದು ನಿಂತಳು. ಅವನು ಬರಲಿಲ್ಲ... ಬರುವುದೂ ಇಲ್ಲ...

ಬಾಗಿಲು ತೆರೆಯಿತು.

ಅರ್ಕಮ್ ಏದುಸಿರು ಬಿಡುತ್ತಿದ್ದ. ಮೈಕ್ರೋಸ್ಕೋಪ್ ಈಗಷ್ಟೇ ಸಿಕ್ಕಿತು, ಫೋನ್ ಆ ಕೋಣೆಯ ಹೊರಗಿತ್ತು ಎಂದು ಕ್ಷಮೆ ಕೇಳಿ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲೆ ಚಿತ್ರ ಮೂಡಿತು.

ದುಂಡಗಿನ ಚಿಪ್ಪುಗಳು. ಅಂಚು ಕಪ್ಪು, ನಡುವೆ ತಿಳಿ. ಒಂದೂ ಒಡೆದಿರಲಿಲ್ಲ.

ಮುಹ್ಸಿನಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇದು ನನ್ನ ಕೈಯಿಂದ, ಗುರುವಾರ ಮಾಡಿದ್ದು ಎಂದ ಅರ್ಕಮ್. ಆಮೇಲೆ ಲಿವರಿನ ಕಥೆಯನ್ನು ಮೊದಲಿನಿಂದ ಹೇಳಿದ. ತಾಯಿಫ್‌ನ ಬೆಂಕಿಯನ್ನು ಒಂದೇ ಮಾತಲ್ಲಿ ಮುಗಿಸಿದ, ತನ್ನ ತಪ್ಪನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳಿದ. ಲ್ಯಾಬಿನ ಉಸ್ತುವಾರಿ ನನ್ನದು, ಲೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿಚಾರಿಸದೆ ಮುಚ್ಚಿದವನು ನಾನು, ಅವರ ಕೆಲಸದಲ್ಲಿ ಒಂದು ಕೂದಲಿನಷ್ಟೂ ಸುಳ್ಳಿಲ್ಲ ಎಂದ.

ಡಾ. ಅಹ್ಮದ್ ಚಿತ್ರವನ್ನು ತುಂಬ ಹೊತ್ತು ನೋಡಿದರು. ಗುರುವಾರ ಅಸರ್ ಹೊತ್ತಿಗೆ ಇನ್ಯಾರೂ ಅದನ್ನು ಮುಚ್ಚಲಿಲ್ಲ ಎನ್ನಲು ಏನು ಖಾತರಿ ಎಂದು ಕೇಳಿದರು.

ಅರ್ಕಮ್ ಸ್ವಲ್ಪ ತಡವರಿಸಿದ. ಆ ದಿನ ಮಸೀದಿಗೆ ಹೋಗಲಿಲ್ಲ, ಲಿವರಿನ ಕೆಳಗೇ ಮುಸಲ್ಲಾ ಹಾಸಿ ಅಲ್ಲೇ ನಮಾಝ್ ಮಾಡಿದೆ ಎಂದ.

ಮುಹ್ಸಿನಾ ಆಗ ಅತ್ತಳು, ಎಲ್ಲರೆದುರು, ತಡೆಯಲಾಗದೆ.

ಕಮಿಟಿ ಅವಳ ಮೇಲಿನ ವಿಚಾರಣೆಯನ್ನು ಅಲ್ಲಿಗೇ ಕೈಬಿಟ್ಟಿತು. ಡಾ. ಅಹ್ಮದ್ ತಾವಾಗಿ ಅವಳ ಹತ್ತಿರ ಬಂದು ಕ್ಷಮೆ ಕೇಳಿದರು. ಅರ್ಕಮ್‌ನ ಉಸ್ತುವಾರಿ ಹೋಯಿತು, ಟರ್ಮ್ ಮುಗಿದ ಮೇಲೆ ಅವನ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ ಎಂದಾಯಿತು. ಅವನು ಎದುರಾಡಲಿಲ್ಲ. ಗುರುವಾರವೇ ಅವನಿಗೆ ಅದು ಗೊತ್ತಿತ್ತು, ಅಭಾಕ್ಕೆ ಅರ್ಜಿ ಹಾಕಿದ್ದು ಅದಕ್ಕೇ.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಅವನು ಗ್ಯಾಸ್ ಕೋಣೆಯಲ್ಲಿ ಹೊಸ ಲೈನ್ ಹಾಕಿಸುತ್ತಿದ್ದ. ಗಾಳಿಗೆ ಬೇರೆ ಲೈನ್, ಬೇರೆ ಲಿವರ್. ಕೆಲಸದವರು ಸಾಮಾನು ತರಲು ಹೊರಗೆ ಹೋಗಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲಲ್ಲಿ ಮುಹ್ಸಿನಾ ಬಂದು ನಿಂತಳು. ಓಣಿಯ ಆ ತುದಿಯಲ್ಲಿ ದುಆ ತನ್ನ ಫೋನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಅಭಾದ ಕೆಲಸ ಆಯಿತಂತೆ ಎಂದು ಕೇಳಿದಳು ಮುಹ್ಸಿನಾ. ಹೌದು ಎಂದ ಅವನು.

"ಮೊನ್ನೆ ಕೇಳದೆ ಗಾಳಿ ಮುಚ್ಚಿದ್ರಿ. ಇವತ್ತು ಹೇಳದೆ ಊರೇ ಬಿಡ್ತೀರಾ?"

ಅರ್ಕಮ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಯಾವ ಮುಖ ಇಟ್ಕೊಂಡು ಹೇಳ್ಲಿ? ರಿಪೋರ್ಟ್ ಮುಗಿಯುವವರೆಗೆ ನಿಮ್ಮತ್ರ ಮಾತಾಡ್ಬಾರ್ದು ಅಂತ ಡಾಕ್ಟರ್ ಕಟ್ಟುನಿಟ್ಟು ಮಾಡಿದ್ರು, ಮಾತಾಡಿದ್ರೆ ನಿಮ್ಮ ಕೇಸೇ ಬೀಳ್ತದೆ ಅಂತ. ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಆದ್ರೆ ನೀವು ಸುಳ್ಳು ಮಾಡಿದ್ದು ಅಂತ ಒಂದು ದಿನ ಕೂಡ ಅನ್ಸಿದ್ದಿಲ್ಲ."

"ಅಷ್ಟು ನಂಬಿಕೆ ಎಲ್ಲಿಂದ ಬಂತು?"

ಅವನು ನೆಲ ನೋಡಿದ. ಆಮೇಲೆ, ಬಹಳ ದಿನಗಳ ನಂತರ, ಅವಳ ಮುಖವನ್ನೇ ನೋಡಿದ.

ರಿಯಾದ್‌ನ ಒಂದು ಸಮ್ಮೇಳನದಲ್ಲಿ ಅವಳ ಗುಂಡುಗಳ ಚಿತ್ರ ಗೋಡೆಯ ಮೇಲಿತ್ತು, ಕೆಳಗೆ ಅವಳ ಹೆಸರು. ಅದರ ಮುಂದೆ ಅವನು ಎಷ್ಟು ಹೊತ್ತು ನಿಂತಿದ್ದನೆಂದರೆ ಕಾವಲಿನವನು ಬಂದು ಏನು ಬೇಕೆಂದು ಕೇಳಿದ್ದ. ಇಷ್ಟು ತಾಳ್ಮೆಯಿಂದ ಕೆಲಸ ಮಾಡಿದವರು ಯಾರೋ, ಅವರನ್ನು ಒಮ್ಮೆ ನೋಡಬೇಕು ಎಂದುಕೊಂಡು ಈ ಕೆಲಸಕ್ಕೆ ಅರ್ಜಿ ಹಾಕಿದ್ದ. ಅಷ್ಟನ್ನು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

"ನೋಡ್ಲಿಕ್ಕೆ ಬಂದು, ನಾನೇ ಅದನ್ನ ಹಾಳು ಮಾಡಿದೆ."

"ಸರಿಯೂ ನೀವೇ ಮಾಡಿದ್ರಿ," ಎಂದಳು ಮುಹ್ಸಿನಾ. "ನಿಮ್ಮ ಕುರ್ಚಿ ಖಾಲಿ ಇತ್ತಲ್ಲ ಆವತ್ತು... ನನ್ನ ಹೆಸರು ಹೋಗ್ತದೆ ಅಂತ ಹೆದರಿಕೆ ಆಗಿತ್ತು, ಸುಳ್ಳು ಹೇಳುದಿಲ್ಲ. ಆದ್ರೆ ನೀವು ಹಾಗೆ ಓಡುವವರು ಅಂತ ಗೊತ್ತಾಗ್ತದಲ್ಲ ಅಂತ ಅದಕ್ಕಿಂತ ಹೆಚ್ಚು ಬೇಜಾರಾಗಿತ್ತು."

ಹೊರಗೆ ಅಸರ್ ಬಾಂಗ್ ಶುರುವಾಯಿತು. ಇಬ್ಬರೂ ಅದು ಮುಗಿಯುವವರೆಗೆ ಸುಮ್ಮನೆ ನಿಂತರು.

"ಇನ್ನು ನಿಮ್ಮ ವಿಷಯದಲ್ಲಿ ಕೇಳದೆ ಎಂತದೂ ಮಾಡ್ಲಿಕ್ಕಿಲ್ಲ ನಾನು," ಎಂದ ಅವನು.

"ಹಾಗಾದ್ರೆ ಕೇಳಿ."

"ನಿಮ್ಮ ಅಣ್ಣನ ಹತ್ರ ಬಂದು ಮಾತಾಡ್ಲಾ?"

"ಅದು ಅಣ್ಣನಿಗೆ ಕೇಳುದು. ನನಗೆ ಕೇಳ್ಲೇ ಇಲ್ಲ ಇನ್ನೂ."

ಅವನು ಉಸಿರೆಳೆದುಕೊಂಡ.

"ನನ್ನನ್ನು ಮದುವೆ ಆಗ್ತೀರಾ ಮುಹ್ಸಿನಾ? ಅಭಾದಲ್ಲಿ ಚಳಿ ಜಾಸ್ತಿಯಂತೆ. ಫರ್ನೇಸ್ ಉಂಟಾ ಇಲ್ವಾ ಅದೂ ಗೊತ್ತಿಲ್ಲ."

ಅವಳ ಕಣ್ಣು ತುಂಬಿತು, ಬಾಯಿ ಮಾತ್ರ ನಗುತ್ತಿತ್ತು. ಹೊಸ್ತಿಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

"ನಮಾಝಿಗೆ ಹೋಗಿ ಬನ್ನಿ. ನಿಮ್ಮ ಲಿವರ್ ಇವತ್ತು ನಾನು ಕಾಯ್ತೇನೆ. ಅಣ್ಣ ಸಂಜೆ ಮಗ್ರಿಬ್ ನಮಾಝ್ ಆದ್ಮೇಲೆ ಮನೆಯಲ್ಲೇ ಇರ್ತಾನೆ."

ಅರ್ಕಮ್ ನಾಲ್ಕು ಹೆಜ್ಜೆ ಹೋದವನು, ಅಭ್ಯಾಸದಂತೆ ನಿಂತು ಹಿಂದೆ ತಿರುಗಿ ನೋಡಿದ.

"ಬರಿಗೈಯಲ್ಲಿ ಬರುದು ಹೇಗೆ? ಸೂಕಿಂದ ಒಳ್ಳೆ ಖರ್ಜೂರ ತರ್ಲಾ?"

"ಬೇಡ ಮಾರಾಯ್ರೆ, ಅವನಿಗೆ ದಿನಾ ಅದನ್ನೇ ನೋಡಿ ಸಾಕಾಗಿದೆ."

"ಮತ್ತೆಂತ ತರುದು?"

"ನೀವು ಬನ್ನಿ," ಎಂದಳು ಮುಹ್ಸಿನಾ. "ಅಷ್ಟೇ ಸಾಕು."